ಮೈಸೂರು ನಿಜವಾಗ್ಲೂ ಅಷ್ಟು ಸ್ವಚ್ಛವಾಗಿದೆಯಾ? ಜನ ಕಸದ ಬಗ್ಗೆ ಹೇಗಿದ್ದಾರೆ?

ಮುಖ್ಯ ರಸ್ತೆಗಳು, ಹಳೇ ಬಡಾವಣೆಗಳ ಮಟ್ಟಿಗೆ ಹೌದು. ಊರು ಪೂರ್ತಿ ಹಾಗಿಲ್ಲ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲ ಸ್ಥಾನದಲ್ಲಿತ್ತು. ಮರುವರ್ಷ ಇಂದೋರ್ ಮೇಲೆ ಹೋಯಿತು, ಮೈಸೂರು ಐದಕ್ಕೆ ಇಳಿಯಿತು.

ಇದರ ಬುನಾದಿ ಹಳೆಯದು. ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲಿ ಇಲ್ಲಿ ಊರನ್ನು ಯೋಜಿಸಿ ಬೆಳೆಸಲು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಅನ್ನೋ ಮಂಡಳಿ ಶುರುವಾಯಿತು. ಗಾಳಿ ಬೆಳಕು ಆಡುವಂಥ ಅಗಲ ರಸ್ತೆಗಳು, ಬಡಾವಣೆಗಳು ಆಗಲೇ ಬಂದವು.

ಇವತ್ತು ಊರನ್ನು ಕಾಯುತ್ತಿರುವವರು ಪೌರಕಾರ್ಮಿಕರು. ಬೆಳಿಗ್ಗೆ ಸೀಟಿ ಊದುತ್ತಾ ಗಾಡಿ ತರುತ್ತಾರೆ. ಕುಂಬಾರಕೊಪ್ಪಲಿನ ಘಟಕದಲ್ಲಿ ಹಸಿ ಕಸ ಗೊಬ್ಬರವಾಗುತ್ತದೆ. ಒಣ ಕಸದಲ್ಲಿ ಪ್ಲಾಸ್ಟಿಕ್, ರಟ್ಟು, ಬಾಟಲಿ ಬೇರೆ ಬೇರೆಯಾಗಿ ಮಾರಾಟಕ್ಕೆ ಹೋಗುತ್ತವೆ. ಆದರೆ ಮನೆಯಲ್ಲೇ ಬೇರೆ ಮಾಡಿ ಕೊಟ್ಟರೆ ಮಾತ್ರ ಇದು ನಡೆಯುತ್ತದೆ. ಅನ್ನ ಸಾರಿನ ಜೊತೆ ಡೈಪರ್ ಸೇರಿಸಿ ಕೊಟ್ಟರೆ ಅದನ್ನು ಒಬ್ಬರು ಕೈಯಲ್ಲೇ ಆರಿಸಬೇಕು. ಇದು ನಾಚಿಕೆಗೇಡು.

ಜನರ ಮನಸ್ಸಿನಲ್ಲಿ ದೊಡ್ಡ ತೊಡಕು ಅಂದ್ರೆ ಖಾಲಿ ಸೈಟು. ತಮ್ಮ ಗೇಟಿನ ಮುಂದೆ ನೀರು ಹಾಕಿ ರಂಗೋಲಿ ಬಿಡುವವರೇ ಕವರ್ ಕಟ್ಟಿ ಪಕ್ಕದ ಸೈಟಿಗೆ ಎಸೆಯುತ್ತಾರೆ. ಗಾಡಿ ತಪ್ಪಿತು ಅನ್ನೋದು ನೆಪ. ಮರುದಿನದವರೆಗೆ ಇಟ್ಟುಕೊಂಡರೆ ಆಯ್ತಲ್ವಾ?

ಪ್ರವಾಸಿಗರು ಅರಮನೆ ಸುತ್ತಮುತ್ತ ನೋಡಿ ಹೋಗುತ್ತಾರೆ. ಊರಿನ ಕೊಳಚೆ ನೀರು, ಕಸ ಹೋಗಿ ಸೇರುವ ವಿದ್ಯಾರಣ್ಯಪುರದ ಸುಯೇಜ್ ಫಾರಂ ಕಡೆ ಯಾರೂ ಹೋಗಲ್ಲ. ವರ್ಷಗಟ್ಟಲೆ ಅಲ್ಲಿ ಕಸದ ಗುಡ್ಡ ಬೆಳೆದು, ಅದರ ವಾಸನೆ, ಹೊಗೆ ಕುಡಿದವರು ಅಕ್ಕಪಕ್ಕದ ನಿವಾಸಿಗಳು.