ಏಸಿ ಆಫ್ ಮಾಡಿದ್ರೂ ಫ್ಯಾನ್ ನಿಲ್ತಿಲ್ವಾ? ಬೋರ್ಡ್ ಬದಲಿಸೋ ಮುಂಚೆ ಜಿ ವೈರ್ ಬಿಚ್ಚಿ ನೋಡಿ

ಸರ್, ಕುವೆಂಪುನಗರದ ಮನೇಲಿ ಮಗ ಅಮೆರಿಕದಿಂದ ತಂದ ಸ್ಮಾರ್ಟ್ ಥರ್ಮೋಸ್ಟಾಟ್ (ಏಸಿಗೆ ಆಜ್ಞೆ ಕೊಡೋ ಗೋಡೆಯ ಕಂಟ್ರೋಲ್) ಹಾಕಿದ ದಿನದಿಂದ ಡಕ್ಟ್ ಏಸಿ ಫ್ಯಾನ್ ರಾತ್ರಿಯೆಲ್ಲಾ ತಿರುಗ್ತಾನೇ ಇದೆ, ನೋಡೋಕೆ ಬಂದ ಮೆಕ್ಯಾನಿಕ್ ಏಸಿ ಒಳಗಿನ ಸರ್ಕ್ಯೂಟ್ ಬೋರ್ಡ್ ಹೋಗಿದೆ ಅಂದ್ರು ಅಂತ ಬರೆದಿದ್ದೀರಿ. ದಯವಿಟ್ಟು ಬೋರ್ಡ್‌ಗೆ ಈಗಲೇ ದುಡ್ಡು ಕೊಡಬೇಡಿ. ಥರ್ಮೋಸ್ಟಾಟ್ ಹಾಕಿದ ದಿನವೇ ಶುರುವಾದ ತೊಂದರೆ ಅಂದ್ಮೇಲೆ ಮೊದಲು ನೋಡಬೇಕಾದ್ದು ಅವತ್ತು ಮಾಡಿದ ವೈರಿಂಗನ್ನೇ.

ಅದಕ್ಕೂ ಮುಂಚೆ ಒಂದು ಮಾತು. ಅಲ್ಲಿನ ಥರ್ಮೋಸ್ಟಾಟ್‌ಗಳು ಸಾಮಾನ್ಯವಾಗಿ 24 ವೋಲ್ಟ್‌ನವು. ನಮ್ಮಲ್ಲಿ ಕೆಲವು ಯೂನಿಟ್‌ಗಳಲ್ಲಿ ಗೋಡೆಯ ಥರ್ಮೋಸ್ಟಾಟ್‌ಗೆ ನೇರ 230 ವೋಲ್ಟೇ ಬರುತ್ತೆ. ನಿಮ್ಮದು ಇನ್ನೂ ಸುಡದೆ ನಡೀತಿದೆ ಅಂದ್ರೆ 24 ಇರಬೇಕು, ಆದ್ರೂ ಹಳೇ ಥರ್ಮೋಸ್ಟಾಟ್‌ನ ಹಿಂದಿನ ಸ್ಟಿಕ್ಕರ್ ಓದಿ. 230 ಅಂತ ಇದ್ರೆ ಕೈ ಹಾಕಲೇಬೇಡಿ, ಎಲೆಕ್ಟ್ರಿಷಿಯನ್ ಕರೀರಿ.

ಸೆಟ್ಟಿಂಗ್‌ನಲ್ಲಿ ಫ್ಯಾನ್ 'ಆಟೋ' ಇದೆಯಾ ನೋಡಿ. 'ಆನ್' ಇದ್ರೆ ಕಂಪ್ರೆಸರ್ ನಿಂತರೂ ಫ್ಯಾನ್ ನಿಲ್ಲಲ್ಲ. ಗಂಟೆಗೆ ಇಷ್ಟು ನಿಮಿಷ ಗಾಳಿ ಆಡಿಸೋ ಆಯ್ಕೆಯೂ ಕೆಲವದರಲ್ಲಿ ಇರುತ್ತೆ, ಅದನ್ನೂ ತೆಗೀರಿ. ಕಂಪ್ರೆಸರ್ ನಿಂತ ಮೇಲೆ ಒಂದೊಂದೂವರೆ ನಿಮಿಷ ತಿರುಗಿದ್ರೆ ಅದು ದೋಷವಲ್ಲ.

ಇನ್ನು ಮುಖ್ಯವಾದ ಪರೀಕ್ಷೆ. ಒಳಗಿನ, ಹೊರಗಿನ ಎರಡೂ ಯೂನಿಟ್‌ಗಳ ಎಂಸಿಬಿ ಇಳಿಸಿ ಥರ್ಮೋಸ್ಟಾಟನ್ನ ಗೋಡೆಯಿಂದ ಕಳಚಿ, ಮತ್ತೆ ಎಂಸಿಬಿ ಏರಿಸಿ. ಫ್ಯಾನ್ ತಿರುಗಲಿಲ್ಲವಾ? ತಪ್ಪು ಥರ್ಮೋಸ್ಟಾಟ್‌ದು ಅಥವಾ ಅದರ ಸೆಟ್ಟಿಂಗ್‌ದು. ಆಗಲೂ ತಿರುಗಿದ್ರೆ ಎಂಸಿಬಿ ಇಳಿಸಿ, ಒಳಗಿನ ಯೂನಿಟ್ ಬೋರ್ಡ್‌ನಲ್ಲಿ ಜಿ ಅಂತ ಗುರುತಿರೋ ವೈರ್ ಬಿಚ್ಚಿ, ಮತ್ತೆ ಎಂಸಿಬಿ ಏರಿಸಿ ನೋಡಿ. ಫ್ಯಾನ್‌ಗೆ ಆಜ್ಞೆ ಹೋಗೋದು ಆ ವೈರ್‌ನಲ್ಲೇ. ಬಿಚ್ಚಿದ ಮೇಲೆ ನಿಂತ್ರೆ ಗೋಡೆಯೊಳಗೆಲ್ಲೋ ಜಿ ವೈರ್ ಆರ್‌ಗೆ, ಅಂದ್ರೆ 24 ವೋಲ್ಟ್ ತರೋ ವೈರ್‌ಗೆ, ತಾಗ್ತಿದೆ. ಬಿಚ್ಚಿದರೂ ನಿಲ್ಲದಿದ್ರೆ ಮಾತ್ರ ಬೋರ್ಡ್‌ನ ರಿಲೇ (ಫ್ಯಾನ್ ಆನ್-ಆಫ್ ಮಾಡೋ ಸಣ್ಣ ಸ್ವಿಚ್) ಅಂಟಿಕೊಂಡಿರಬಹುದು, ಆಗ ಮೆಕ್ಯಾನಿಕ್ ಮಾತು ನಿಜ. ಕೆಪಾಸಿಟರ್ ಮುಟ್ಟಬೇಡಿ, ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತೆ.

ವೈರ್ ಬಣ್ಣ ನಂಬಬೇಡಿ. ಹಸಿರು ಅಂದ್ರೆ ಜಿ ಅಂತ ಎಲ್ಲರೂ ಹಾಕಿರಲ್ಲ, ಬೋರ್ಡ್‌ನ ತುದಿಯಲ್ಲಿ ಯಾವ ಅಕ್ಷರಕ್ಕೆ ಸೇರಿದೆ ಅನ್ನೋದೇ ಲೆಕ್ಕ.

ಸಿ ವೈರ್, ಅಂದ್ರೆ ಥರ್ಮೋಸ್ಟಾಟ್‌ಗೆ ಸದಾ ಕರೆಂಟ್ ಸಿಗೋಕೆ ಬೇಕಾದ ವಾಪಸ್ ವೈರ್, ಹಾಕಿದ್ದೀರಾ ಅಂತ ನೀವು ಬರೆದಿಲ್ಲ. ನನಗೆ ಹೆಚ್ಚು ಅನುಮಾನ ಅಲ್ಲೇ. ಸಿ ಇಲ್ಲದಿದ್ರೆ ಕೆಲವು ಸ್ಮಾರ್ಟ್ ಥರ್ಮೋಸ್ಟಾಟ್‌ಗಳು ತಮಗೆ ಬೇಕಾದ ಕರೆಂಟನ್ನ ಜಿ ಅಥವಾ ವೈ (ಕಂಪ್ರೆಸರ್‌ಗೆ ಆಜ್ಞೆ ಹೋಗೋ) ವೈರ್ ಮೂಲಕವೇ ಸ್ವಲ್ಪ ಸ್ವಲ್ಪ ಎಳ್ಕೊಳ್ತವೆ. ಆ ಸಣ್ಣ ಕರೆಂಟೇ ಸಾಕು, ರಿಲೇ ಪೂರ್ತಿ ಬಿಡದೆ ಹಿಡ್ಕೊಂಡುಬಿಡುತ್ತೆ, ಇಲ್ಲಾ ಟಕ್ ಟಕ್ ಅನ್ನುತ್ತೆ. ಕೇಬಲ್‌ನಲ್ಲಿ ಬಳಸದೆ ಸುತ್ತಿಟ್ಟ ಎಳೆಯೊಂದು ಇದ್ರೆ, ಎಂಸಿಬಿ ಇಳಿಸಿಯೇ ಅದರ ಒಂದು ತುದಿಯನ್ನ ಬೋರ್ಡ್‌ನ ಸಿ ಗೆ, ಇನ್ನೊಂದನ್ನ ಥರ್ಮೋಸ್ಟಾಟ್‌ನ ಸಿ ಗೆ ಸೇರಿಸಿ.

ಮಂಡ್ಯದ ನಮ್ಮ ಮನೇಲಿ ಎಂಸಿಬಿ ಇಳಿಸದೆ ಕೆಲಸ ಮಾಡೋವಾಗ ಆರ್ ಮತ್ತು ಸಿ ತಾಗಿ ಬೋರ್ಡ್ ಮೇಲಿನ ಸಣ್ಣ ಫ್ಯೂಸ್ ಹೋಗಿತ್ತು. ಕಾರಿನಲ್ಲಿ ಹಾಕ್ತಾರಲ್ಲ, ಅಂಥದ್ದೇ ಬ್ಲೇಡ್ ಫ್ಯೂಸ್. ಅದರ ಮೇಲೆ ಎಷ್ಟು ಆಂಪಿಯರ್ ಅಂತಿದೆಯೋ ಅಷ್ಟರದ್ದೇ ಹಾಕಬೇಕು, ಹೆಚ್ಚಿನದ್ದು ಹಾಕಿದ್ರೆ ಟ್ರಾನ್ಸ್‌ಫಾರ್ಮರ್ ಸುಡಬಹುದು.

ಇದು ಸರಿಹೋಗೋ ತನಕ ಫ್ಯಾನ್ ತಿರುಗಿದ್ರೆ ತಿರುಗಲಿ ಅಂತ ಬಿಡಬೇಡಿ. ಈ ಮಳೆ ದಿನಗಳಲ್ಲಿ ಕಂಪ್ರೆಸರ್ ನಿಂತ ಮೇಲೂ ಗಾಳಿ ಆಡ್ತಿದ್ರೆ ಕಾಯಿಲ್ ಮೇಲೆ ಕೂತ ನೀರು ಆವಿಯಾಗಿ ಮತ್ತೆ ರೂಮಿಗೇ ಬರುತ್ತೆ, ಹಾಸಿಗೆ ಬಟ್ಟೆಯೆಲ್ಲಾ ಜಿಗುಟು ಅನ್ನಿಸುತ್ತೆ. ರಾತ್ರಿ ಎಂಸಿಬಿನೇ ಇಳಿಸಿ ಮಲಗಿ. ಬೋರ್ಡ್‌ನಲ್ಲಿ ವೈರ್ ಸೇರೋ ಜಾಗದ ಫೋಟೋ ಹಾಕಿ, ಜಿ ಬಿಚ್ಚಿದಾಗ ಏನಾಯ್ತು ಅಂತಾನೂ ಬರೀರಿ, ನೋಡಿ ಹೇಳ್ತೀನಿ.