ಬೈಕಿನಲ್ಲಿ ಹಿಂದೆ ಕೂತಿದ್ದೆ, ಕಾರಿನವರು ಕೊಡುವ 30 ಸಾವಿರ ತಗೊಂಡು ಸುಮ್ನಾಗಲಾ?
ಈಗಲೇ ಸಹಿ ಹಾಕಬೇಡಿ. ಕಾರು ಗುದ್ದಿ ಕಾಲು ಮುರಿದಿದೆ, ರಾಡ್ ಹಾಕಿದ್ದಾರೆ, ಹೆಲ್ಮೆಟ್ ಇರಲಿಲ್ಲ, ಅವರು ‘ಕೇಸ್ ಬೇಡ’ ಎನ್ನುತ್ತಿದ್ದಾರೆ, ಇಷ್ಟೇ ಅಲ್ವಾ? ನಾನು ಇಂಥ ಕೇಸುಗಳೇ ಜಾಸ್ತಿ ಬರುವ ವಕೀಲರ ಆಫೀಸಿನಲ್ಲಿದ್ದೇನೆ.

ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದರೆ ಪರಿಹಾರ ಕಟ್ಟುವುದು ಕಂಪನಿ, ಅವರ ಜೇಬಲ್ಲ. ನಿಮಗೆ 28 ವರ್ಷ, ಸಂಬಳ 15 ಸಾವಿರ. ದುಡಿಯುವ ಶಕ್ತಿ ಶೇ. 10 ಕುಂದಿದೆ ಎಂದು ಕೋರ್ಟು ಒಪ್ಪಿತು ಅಂದುಕೊಳ್ಳಿ. ವರ್ಷದ 1,80,000ವನ್ನು 17ರಿಂದ ಗುಣಿಸಿ (26ರಿಂದ 30 ವಯಸ್ಸಿಗೆ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪು ಹೇಳಿದ ಗುಣಕ), ಅದರ ಶೇ. 10 ಅಂದರೆ 3,06,000. ಆಸ್ಪತ್ರೆ ಬಿಲ್ಲು, ಕೆಲಸಕ್ಕೆ ಹೋಗದ ತಿಂಗಳುಗಳ ಸಂಬಳ, ನೋವಿನ ಪರಿಹಾರ ಬೇರೆ.

ಹೆಲ್ಮೆಟ್ ಇಲ್ಲದ್ದಕ್ಕೆ ದಂಡ ಬೀಳಬಹುದು. ಆದರೆ ಮುರಿದಿದ್ದು ಕಾಲು, ತಲೆಯಲ್ಲ! ಕಂಪನಿ ವಕೀಲರು ಈ ಮಾತು ಎತ್ತಿಯೇ ಎತ್ತುತ್ತಾರೆ, ಹೆದರಬೇಡಿ. ಬೈಕ್ ಓಡಿಸುತ್ತಿದ್ದ ಗೆಳೆಯನದೂ ಸ್ವಲ್ಪ ತಪ್ಪಿದ್ದರೂ ಹಿಂದೆ ಕೂತವರು ಪೂರ್ತಿ ಮೊತ್ತವನ್ನು ಕಾರಿನ ಕಡೆಯಿಂದಲೇ ಕೇಳಬಹುದು. ಪೂರ್ತಿ ತಪ್ಪು ಅವನದೇ ಆದರೆ ಮಾತ್ರ ಕಷ್ಟ, ಬೈಕಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಅದರಲ್ಲಿ ಹಿಂಬದಿ ಸವಾರರು ಬರುವುದಿಲ್ಲ.

ಇನ್ನು ಮುಖ್ಯ ವಿಷಯ. ಅವತ್ತು ಆಸ್ಪತ್ರೆಯಲ್ಲಿ ಏನು ಬರೆಸಿದಿರಿ? ಪೊಲೀಸ್ ರಗಳೆ ಬೇಡ ಎಂದು ಜೊತೆಗೆ ಬಂದವರು ‘ಬೈಕ್ ಸ್ಕಿಡ್ ಆಯ್ತು’ ಅಂದುಬಿಡುತ್ತಾರೆ, ಡ್ಯೂಟಿ ಡಾಕ್ಟರ್ ಅದನ್ನೇ ಕೇಸ್ ಶೀಟಿನ ಮೊದಲ ಸಾಲಿನಲ್ಲಿ ಬರೆಯುತ್ತಾರೆ, ಆಮೇಲೆ ಕೋರ್ಟಿನಲ್ಲಿ ಕಂಪನಿಯವರು ಆ ಒಂದು ಸಾಲನ್ನು ಹಿಡಿದುಕೊಂಡು ‘ಕಾರು ಗುದ್ದಲೇ ಇಲ್ಲ’ ಎಂದು ವಾದಿಸುತ್ತಾರೆ. ಎಂಎಲ್‌ಸಿ (ಪೊಲೀಸರಿಗಾಗಿ ಆಸ್ಪತ್ರೆ ಬರೆದಿಡುವ ಅಪಘಾತದ ದಾಖಲೆ), ಕೇಸ್ ಶೀಟ್ ಎರಡರ ಪ್ರತಿಯನ್ನೂ ಈ ವಾರವೇ ತೆಗೆಸಿ ಓದಿ. ಎಫ್‌ಐಆರ್ ಆಗಿಲ್ಲದಿದ್ದರೆ ಇವತ್ತೇ ದೂರು ಕೊಡಿ, ತಡವಾದ ಕಾರಣವನ್ನೂ ಅದರಲ್ಲೇ ಬರೆಯಿರಿ.

ಅಪಘಾತವಾದ 6 ತಿಂಗಳೊಳಗೆ ಕ್ಲೇಮ್ ಅರ್ಜಿ ಹಾಕಬೇಕು ಎನ್ನುತ್ತದೆ ಕಾನೂನು. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ಕೋರ್ಟಿನಲ್ಲೇ ಹಾಕಬಹುದು. ಹಾಗೇ ಆಪರೇಷನ್ ಮಾಡಿದ ಡಾಕ್ಟರಿಂದ ಮುಂದೆ ರಾಡ್ ತೆಗೆಸಲು ಎಷ್ಟಾಗುತ್ತದೆ ಎಂದು ಒಂದು ಚೀಟಿ ಬರೆಸಿಕೊಳ್ಳಿ, ಆ ಖರ್ಚನ್ನೂ ಅರ್ಜಿಯಲ್ಲಿ ಸೇರಿಸಬಹುದು.