ಗದ್ದದ ಹಚ್ಚೆ ಮಾಸಿದ್ದರೆ ನಕಲಿಯಲ್ಲ
1870ರ ದಶಕದ ನ್ಯೂಜಿಲೆಂಡಿನ ಆಕ್ಲೆಂಡ್ ಸ್ಟುಡಿಯೊ ಫೋಟೊದಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನಾಂಗದ ಮಹಿಳೆಯ ಗದ್ದದ ಹಚ್ಚೆ ಮಾಸಿದೆ, ಅದು ನಕಲಿಯೇ ಎಂದು ಕೇಳಿದ್ದೀರಿ. ಮಾಸಿದ ಮಾತ್ರಕ್ಕೆ ನಕಲಿ ಅನ್ನಲಾಗದು. ಆಗ ಫೋಟೊ ತೆಗೆಯಲು ಬಳಸುತ್ತಿದ್ದ, ಕೊಲೋಡಿಯನ್ ಎಂಬ ದ್ರಾವಣ ಬಳಿದ ಗಾಜಿನ ಪ್ಲೇಟು ನೀಲಿ ಬೆಳಕನ್ನೇ ಹೆಚ್ಚು ಹಿಡಿಯುತ್ತಿತ್ತು, ಆದ್ದರಿಂದ ನೀಲಿ ಬಣ್ಣ ಫೋಟೊದಲ್ಲಿ ಬಿಳಿಚಿಕೊಳ್ಳುತ್ತಿತ್ತು. ಹಾಗಾಗಿ ನೀಲಿ-ಹಸಿರು ಛಾಯೆಯ ಮೊಕೊ (ಮಾವೋರಿ ಹಚ್ಚೆ) ಗೆರೆಗಳು ತೆಳುವಾಗಿ ಬೀಳುತ್ತಿದ್ದವು, ಕೆಲವೊಮ್ಮೆ ಕಾಣುತ್ತಲೇ ಇರಲಿಲ್ಲ. ಅನುಮಾನಿಸಬೇಕಾದ್ದು ತೀರಾ ಕಪ್ಪಾದ, ಒಂದೇ ದಪ್ಪದ ಗೆರೆಗಳನ್ನು. ಭೂತಗನ್ನಡಿ ಹಿಡಿದು ನೋಡಿ: ಗೆರೆ ಗದ್ದದ ಉಬ್ಬುತಗ್ಗಿಗೆ ಬಾಗದೆ ಮೇಲೆ ಅಂಟಿಸಿದಂತಿದ್ದರೆ, ಸ್ಟುಡಿಯೊದವರು ಆಮೇಲೆ ತಿದ್ದಿರುವ ಸಾಧ್ಯತೆ ಹೆಚ್ಚು.

ಅದೇ ಸ್ಟುಡಿಯೊದ ಬೇರೆ ಫೋಟೊಗಳನ್ನೂ ಪಕ್ಕಕ್ಕಿಟ್ಟು ಹೋಲಿಸಿ. ಅದೇ ಹೊದಿಕೆ, ಅದೇ ಹೇ-ಟಿಕಿ ಎಂಬ ಕೊರಳಿನ ಪದಕ ಇನ್ನೊಬ್ಬರ ಮೈಮೇಲೂ ಇದ್ದರೆ ಅದು ಸ್ಟುಡಿಯೊದ ಸಾಮಾನು. ಅದರಿಂದ ಆಕೆಯ ಕುಲ, ಸ್ಥಾನಮಾನ ಊಹಿಸಬೇಡಿ. ಆಗ ಮಾರುತ್ತಿದ್ದ ಎಷ್ಟೋ ಫೋಟೊ ಕಾರ್ಡುಗಳಲ್ಲಿ ಹೆಸರನ್ನೇ ಬರೆಯದೆ ಬರೀ 'ಮಾವೋರಿ ಸುಂದರಿ' ಎಂದು ಮಾರಿದ್ದು ದೊಡ್ಡ ಅನ್ಯಾಯ. ಇವತ್ತು ವಂಶಸ್ಥರು ತಮ್ಮ ಮುತ್ತಜ್ಜಿಯನ್ನು ಗುರುತಿಸಲು ಒದ್ದಾಡುವುದು ಅದರಿಂದಲೇ.